ವಿವಾಹಾನಂತರ ಹೆಣ್ಣುಮಗಳ ಹೆಸರು: ರೂಢಿ ಮತ್ತು ಕಾಯದೆ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡ ಮನೆತನಗಳಲ್ಲಿ ಮಗಳ ಮದುವೆಯಾದೊಡನೆ ಆಕೆಯ ಹೆಸರಿನ ಮೂರು ಭಾಗಗಳಲ್ಲಿ ಎರಡು ಬದಲಾಗುವುದು ರೂಢಿ. ನಡುವೆ ಇದ್ದ ತಂದೆಯ ಹೆಸರಿನ ಸ್ಥಾನಕ್ಕೆ ಗಂಡನ ಹೆಸರು ಬರುತ್ತದೆ. ತವರಿನ ಅಡ್ಡಹೆಸರು ಹೋಗಿ ಗಂಡನ ಮನೆಯದು ಸೇರುತ್ತದೆ. ಕೆಲವು ಮನೆತನಗಳಲ್ಲಿ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಉಂಗುರದಿಂದ ಹೊಸ ಹೆಸರನ್ನು ಬರೆದು, ಉಳಿದ ಒಂದನ್ನೂ ಬದಲಿಸುವುದುಂಟು. ಗಂಡನ ಹೆಸರನ್ನು ಒಡಪಿನಲ್ಲಲ್ಲದೆ ಬಾಯಿಬಿಟ್ಟು ಹೇಳದಿದ್ದ ನಮ್ಮ ಅಜ್ಜಿಯರು ಸರಕಾರಿ ಕಾಗದಗಳಲ್ಲಿ ಅದೇ ಹೆಸರನ್ನು ತಮ್ಮ ಹೆಸರಿನ ನಡುವೆ ಹೊತ್ತುಕೊಂಡೇ ಬಾಳಿದರು!

ಇದು ರೂಢಿಯೇ ಹೊರತು ಕಾಯದೆಯಲ್ಲವೆಂಬುದನ್ನು ಪಾಲಕರು ಮೊದಲು ತಿಳಿಯತಕ್ಕದ್ದು. 1955ರ ಹಿಂದೂ ವಿವಾಹ ಕಾಯದೆಯಲ್ಲಿ ಹೆಂಡತಿಯು ಗಂಡನ ಅಡ್ಡಹೆಸರನ್ನು ಧರಿಸಬೇಕೆಂಬ ಒಂದು ಮಾತೂ ಇಲ್ಲ. ವ್ಯಕ್ತಿಯ ಹೆಸರು ಸಂವಿಧಾನವು ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿದಿದೆ. ಮದುವೆಯಾದ ಹೆಂಗಸು ಪಾಸಪೋರ್ಟಿನಲ್ಲಿ ತವರಿನ ಹೆಸರನ್ನೇ ಉಳಿಸಿಕೊಳ್ಳಬಹುದು. ಬದಲಿಸಬೇಕೆನ್ನುವವಳಿಗೂ ಅಡ್ಡಿಯಿಲ್ಲ. ಆದರೆ ತಾಳಿ ಕಟ್ಟಿದ ಮಾತ್ರಕ್ಕೆ ಕಾಗದದಲ್ಲಿಯ ಹೆಸರು ತಾನಾಗಿ ಬದಲಾಗುವುದಿಲ್ಲ. ಬದಲಿಸಿದರೆ ಅದಕ್ಕೆ ಆಧಾರ ಬೇಕು.

ಇದು ಶಾಲೆಗೆ ಏಕೆ ಸಂಬಂಧಿಸಿದ ವಿಷಯವೆಂದು ಕೇಳಬಹುದು. ಹುಡುಗಿಯ ಹೆಸರು ಮೊದಲು ನಿಲ್ಲುವುದು ನಮ್ಮ ಜನರಲ್ ರಜಿಸ್ಟರಿನಲ್ಲಿಯೇ. ಅಲ್ಲಿಂದ ಅದು ಶಾಲೆ ಬಿಟ್ಟ ದಾಖಲೆಗೂ ಎಸ್.ಎಸ್.ಸಿ. ಪ್ರಮಾಣಪತ್ರಕ್ಕೂ ಹೋಗುತ್ತದೆ. ಮದುವೆಯಾಯಿತೆಂದು ಆ ಹೆಸರನ್ನು ನಾವು ತಿದ್ದಲಾರೆವು. ಆಕೆ ಓದಿದ್ದು ಆ ಹೆಸರಿನಲ್ಲಿಯೇ ಅಲ್ಲವೆ? ಜಾತಿಯ ಪ್ರಮಾಣಪತ್ರವೂ ಹಾಗೆಯೇ. ಜಾತಿ ಹುಟ್ಟಿನಿಂದ ನಿರ್ಣಯವಾಗುವುದರಿಂದ ಅದಕ್ಕೆ ತಂದೆಯ ಮನೆಯ ಕಾಗದಗಳೇ ಬೇಕು. ಹೀಗೆ ಮದುವೆಯಾದ ಹೆಣ್ಣುಮಗಳ ಕೈಯಲ್ಲಿ ಎರಡು ಹೆಸರಿನ ಕಾಗದಗಳು ಸೇರುತ್ತವೆ. ಅಂಗನವಾಡಿಯ ಕೆಲಸಕ್ಕೋ ನರ್ಸಿಂಗ್ ಶಿಕ್ಷಣಕ್ಕೋ ಅರ್ಜಿ ಹಾಕುವಾಗ ಇವೆರಡೂ ಒಬ್ಬಳವೇ ಎಂಬುದನ್ನು ಆಕೆ ತೋರಿಸಬೇಕಾಗುತ್ತದೆ. ಹೊಲದ ವಿಷಯದಲ್ಲಿ ಈ ತೊಡಕು ಇನ್ನೂ ದೊಡ್ಡದು. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ವಾರಸಾ ನೋಂದಣಿಯಲ್ಲಿ ತವರಿನ ಹೆಸರು, ಆಧಾರದಲ್ಲಿ ಗಂಡನ ಮನೆಯ ಹೆಸರು ಇದ್ದರೆ ತಲಾಠಿಯು ಪುರಾವೆ ಕೇಳದೆ ಬಿಡುವನೆ?

ಎರಡು ಹೆಸರುಗಳ ನಡುವಿನ ಸೇತುವೆಯೆಂದರೆ ವಿವಾಹ ನೋಂದಣಿಯ ಪ್ರಮಾಣಪತ್ರ. ಮಹಾರಾಷ್ಟ್ರದಲ್ಲಿ 1998ರ ಕಾಯದೆಯ ಮೇರೆಗೆ ಹಳ್ಳಿಯವರು ಗ್ರಾಮಪಂಚಾಯತಿಯಲ್ಲಿಯೂ ಪಟ್ಟಣದವರು ನಗರಪಾಲಿಕೆಯಲ್ಲಿಯೂ ಮದುವೆಯನ್ನು ನೋಂದಾಯಿಸಬಹುದು. ಎಲ್ಲ ಮದುವೆಗಳೂ ನೋಂದಣಿಯಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿಯೇ ಅಪ್ಪಣೆ ಮಾಡಿದೆ. ಆದರೂ ಪೆಂಡಾಲಿಗೆ, ಊಟಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ನಮ್ಮ ಜನ ಈ ಒಂದು ಕಾಗದಕ್ಕಾಗಿ ಅರ್ಧ ದಿನವನ್ನು ಕೊಡಲು ಬೇಸರಿಸುತ್ತಾರೆ. ನೋಂದಣಿಯ ಅರ್ಜಿಯಲ್ಲಿ ವಧುವಿನ ಹೆಸರನ್ನು ಶಾಲೆಯ ದಾಖಲೆಯಲ್ಲಿದ್ದಂತೆಯೇ, ಅಕ್ಷರ ತಪ್ಪದೆ ಬರೆಯಿಸಬೇಕು. ಮನೆಯಲ್ಲಿ ಕರೆಯುವ ಹೆಸರನ್ನು ಬರೆಯಿಸಿದರೆ ಸೇತುವೆ ನಡುಹೊಳೆಯಲ್ಲಿಯೇ ಮುರಿಯುತ್ತದೆ.

ನಡುವಿನ ಹೆಸರು, ಅಡ್ಡಹೆಸರುಗಳಷ್ಟೇ ಬದಲಾದರೆ ಆಧಾರ ಮೊದಲಾದವುಗಳಿಗೆ ಈ ಪ್ರಮಾಣಪತ್ರ ಸಾಕು. ಹುಟ್ಟುಹೆಸರನ್ನೂ ಬದಲಿಸಿದ್ದರೆ ಮಹಾರಾಷ್ಟ್ರ ಸರಕಾರದ ರಾಜಪತ್ರದಲ್ಲಿ, ಎಂದರೆ ಗ್ಯಾಜೆಟ್ಟಿನಲ್ಲಿ, ಅದನ್ನು ಪ್ರಕಟಿಸಬೇಕು. ಇದಕ್ಕಾಗಿ ಮುಂಬಯಿಗೆ ಹೋಗಬೇಕಾಗಿಲ್ಲ. ಅರ್ಜಿಯನ್ನು ಗಣಕಯಂತ್ರದ ಮೂಲಕವೇ ಸಲ್ಲಿಸಬಹುದು. ಪ್ರಕಟವಾದ ಪುಟವನ್ನು ಜೀವಮಾನವೆಲ್ಲ ಜೋಪಾನವಾಗಿಡಬೇಕು. ಆದರೆ ತಂದೆತಾಯಿಗಳು ತೊಟ್ಟಿಲಲ್ಲಿ ಇಟ್ಟ ಹೆಸರನ್ನು ಅಳಿಸುವ ಪದ್ಧತಿ ನಮಗಂತೂ ಒಪ್ಪಿಗೆಯಿಲ್ಲ. ಅಕ್ಕಿಯ ಮೇಲಿನ ಹೆಸರು ಅಕ್ಕಿಯ ಮೇಲೆಯೇ ಇರಲಿ.

ಆಧಾರದಲ್ಲಿ ಹೆಸರನ್ನು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅವಸರ ಮಾಡಬಾರದು. ಆಧಾರವಾದ ಬಳಿಕ ಪ್ಯಾನ್ ಕಾರ್ಡು, ಆಮೇಲೆ ಬ್ಯಾಂಕು. ರೇಶನ್ ಕಾರ್ಡಿಗೆ ಮಾತ್ರ ಮೊದಲು ತವರಿನ ಕಾರ್ಡಿನಿಂದ ಹೆಸರನ್ನು ಕಡಿಮೆ ಮಾಡಿಸಬೇಕು.

ಗಡಿನಾಡಿನವರಾದ ನಮಗೆ ಇನ್ನೊಂದು ತೊಡಕುಂಟು. ನಮ್ಮ ಮಗಳ ಹೆಸರು ಕನ್ನಡ, ಮರಾಠಿ, ಇಂಗ್ಲಿಷು ಮೂರರಲ್ಲಿಯೂ ಬರೆಯಲ್ಪಡುತ್ತದೆ. ಇತ್ತ ಬಿರಾಜದಾರ ಎಂದು ಬರೆಯುವ ಅಡ್ಡಹೆಸರನ್ನೇ ವಿಜಯಪುರದ ಕಡೆಗೆ ಬಿರಾದಾರ ಎಂದು ಬರೆಯುತ್ತಾರೆ. ಶಾಂತಾ ಮಲ್ಲಪ್ಪ ಬಿರಾಜದಾರ ಎಂಬ ಹುಡುಗಿಯನ್ನು ಇಂಡಿ ತಾಲೂಕಿನ ಬಿರಾದಾರರ ಮನೆಗೆ ಕೊಟ್ಟರೆಂದು ಇಟ್ಟುಕೊಳ್ಳಿರಿ. ಊರವರ ದೃಷ್ಟಿಯಲ್ಲಿ ಅಡ್ಡಹೆಸರು ಬದಲಾಗಲೇ ಇಲ್ಲ. ಕಚೇರಿಯ ಗುಮಾಸ್ತನ ದೃಷ್ಟಿಯಲ್ಲಿ ಆಕೆ ಬೇರೆಯವಳೇ! ಮೈಸೂರು ಸೀಮೆಗೆ ಹೋದವರಿಗೆ ಅಡ್ಡಹೆಸರೇ ಇಲ್ಲದ, ಇನಿಷಿಯಲ್ಲಿನ ಪದ್ಧತಿ ಎದುರಾಗುತ್ತದೆ.

ಮಹಾರಾಷ್ಟ್ರ ಸರಕಾರದ 2024ರ ನಿರ್ಣಯದಂತೆ, ಆ ವರ್ಷದ ಮೇ 1ರಿಂದ ಹುಟ್ಟಿದ ಮಕ್ಕಳ ಹೆಸರಿನ ಮುಂದೆ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರುತ್ತವೆ. ಆದ್ದರಿಂದ ತಾಯಿಯ ಕಾಗದಗಳಲ್ಲಿಯ ಗೊಂದಲ ಇನ್ನು ಮಕ್ಕಳ ಹೆಸರಿಗೂ ತಗಲುವುದು. ಹಳೆಯ ವಿದ್ಯಾರ್ಥಿನಿಯರು ದಾಖಲೆಯ ಪ್ರತಿಗಾಗಿ ಶಾಲೆಗೆ ಬರುವಾಗ ಶಾಲೆಯಲ್ಲಿದ್ದ ಹೆಸರು, ತಂದೆಯ ಹೆಸರು, ಶಾಲೆ ಬಿಟ್ಟ ವರ್ಷ ಇವುಗಳನ್ನು ಬರೆದುಕೊಂಡು ಬರಬೇಕು. ಗಂಡನ ಮನೆಯ ಹೆಸರಿನಿಂದ ನಮ್ಮ ರಜಿಸ್ಟರಿನಲ್ಲಿ ಯಾರನ್ನೂ ಹುಡುಕಲಾಗದು.