ಓದುವ ಹಾಳೆ, ಒಪ್ಪಿಸುವ ಹಾಳೆ

ಪುಣೆಯ ಸದಾಶಿವ ಪೇಠದಲ್ಲಿ, ಟಿಳಕ ರಸ್ತೆಯ ಮೇಲೆ, 1916ರಲ್ಲಿ ಶುರುವಾದ ಎಸ್.ಪಿ. ಕಾಲೇಜಿದೆ. ಸುತ್ತಲ ಗಲ್ಲಿಗಳ ತುಂಬ ಮಹಾರಾಷ್ಟ್ರ ಲೋಕಸೇವಾ ಆಯೋಗದ (ಎಂಪಿಎಸ್‌ಸಿ) ಪರೀಕ್ಷೆಗೆ ಓದುವವರ ಅಭ್ಯಾಸಿಕೆಗಳು, ಅಂದರೆ ಓದುಕೋಣೆಗಳು, ಅವುಗಳ ಮಗ್ಗುಲಲ್ಲೇ ಜೆರಾಕ್ಸ್ ಅಂಗಡಿಗಳು. ಕಾಗದ ಉಳಿಸಿ ಎಂಬ ಬುದ್ಧಿಮಾತು ಮೊದಲು ಕೇಳಬೇಕಾಗುವುದು ಅಲ್ಲಿ ನೋಟ್ಸ್ ತೆಗೆಸುವ ಹುಡುಗ ಹುಡುಗಿಯರೇ. ನನ್ನನ್ನು ಕೇಳಿದರೆ, ಅವರನ್ನು ಅವರ ಪಾಡಿಗೆ ಬಿಡಬೇಕು. 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಮಾಹಿತಿಪರ ಬರಹ ಪರದೆಗಿಂತ ಕಾಗದದಲ್ಲಿ ಓದಿದಾಗಲೇ ಚೆನ್ನಾಗಿ ಅರ್ಥವಾಗುತ್ತದೆ. ಹೊತ್ತಿನ ಒತ್ತಡವಿದ್ದರೆ ಈ ಅಂತರ ಇನ್ನೂ ಹೆಚ್ಚು.

ತೂಗಿ ನೋಡಬೇಕಾದ್ದು ವಿಶ್ವವಿದ್ಯಾಲಯಕ್ಕೆ ಒಪ್ಪಿಸುವ ಹಾಳೆಗಳನ್ನು. ಹದಿನಾರು ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ರೀಮಿನ ಮೇಲೆ 80 ಜಿಎಸ್‌ಎಂ ಎಂದಿದ್ದರೆ ಅಷ್ಟರ ತೂಕ 80 ಗ್ರಾಂ, ಹಾಳೆಗೆ 5 ಗ್ರಾಂ. ಡಬಲ್ ಸ್ಪೇಸ್ ಬಿಟ್ಟು ಒಂದೇ ಮಗ್ಗುಲಿಗೆ ಅಚ್ಚಾದ 200 ಪುಟದ ಪ್ರಬಂಧ ಒಂದು ಕಿಲೋ. ಐದು ಪ್ರತಿ ಕೇಳಿದರೆ ಐದು ಕಿಲೋ. ಅದನ್ನೇ ಒಂದೂವರೆ ಸ್ಪೇಸಿನಲ್ಲಿ, ಎರಡೂ ಮಗ್ಗುಲಿಗೆ ತೆಗೆದರೆ ಐದೂ ಪ್ರತಿ ಸೇರಿ ಎರಡು ಕಿಲೋ ದಾಟದು. ಒಂದಕ್ಷರವೂ ಬಿಟ್ಟುಹೋಗಿರುವುದಿಲ್ಲ! ಪಿಎಚ್.ಡಿ. ಪ್ರಬಂಧಗಳು ಹೇಗೂ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಶೋಧಗಂಗಾ ಜಾಲತಾಣದಲ್ಲಿ ಓದಲು ಸಿಗುತ್ತವೆ.

ರದ್ದಿಗೆ ಹಾಕಿದರೆ ಮತ್ತೆ ಕಾಗದವಾಗುತ್ತದಲ್ಲ? ಆಗುತ್ತದೆ, ಆದರೆ ಸುಲಭವಾಗಿ ಅಲ್ಲ. ಜೆರಾಕ್ಸಿನ ಕಪ್ಪು ನಿಜಕ್ಕೂ ಶಾಯಿಯಲ್ಲ, ಬಿಸಿಗೆ ಕರಗಿ ಕಾಗದಕ್ಕೆ ಅಂಟಿದ ಪ್ಲಾಸ್ಟಿಕ್ ಪುಡಿ. ಮಿಲ್ಲಿನಲ್ಲಿ ರದ್ದಿಯನ್ನು ನೀರಿನಲ್ಲಿ ಕದಡಿ ಗಾಳಿ ಹಾಯಿಸುತ್ತಾರೆ. ಪುಡಿ ಗುಳ್ಳೆಗಳಿಗೆ ಅಂಟಿಕೊಂಡು ಮೇಲೆ ಬಂದಾಗ ಹಾಲಿನ ಕೆನೆಯಂತೆ ನೊರೆಯನ್ನು ತೆಗೆಯುತ್ತಾರೆ. ಉಳಿಯುವ ನಾರಿಗೂ ವಯಸ್ಸಾಗುತ್ತದೆ. ಒಮ್ಮೆ ಒಣಗಿದ ನಾರು ಮೊದಲಿನಷ್ಟು ನೀರು ಹೀರಿ ಉಬ್ಬುವುದಿಲ್ಲ, ಉಬ್ಬದ ನಾರು ಪಕ್ಕದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ಸುತ್ತು ಸುತ್ತಿಗೂ ಅದು ತುಂಡಾಗುತ್ತದೆ ಕೂಡ. ಐದಾರು ಸುತ್ತು ಕಳೆದ ನಾರು ಬರೆಯುವ ಕಾಗದಕ್ಕೆ ಬಾರದು. ಮರದ್ದೋ ಬಿದಿರಿನದೋ ಕಬ್ಬಿನ ಸಿಪ್ಪೆಯದೋ ಹೊಸ ನಾರು ಬೆರೆಸಲೇಬೇಕು.

ಹಾಗಾದರೆ ಕ್ಯಾಂಪಸ್ಸಿನಲ್ಲಿ ಯಾವ ಉಪಾಯ ನಡೆಯುತ್ತದೆ? ಸ್ವೀಡನ್ನಿನ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 2016ರಲ್ಲಿ ಬರೆದಿದ್ದಾರೆ. ಕಾಗದ ಉಳಿಸಿ ಎಂದು ಕೆಲವು ಸಿಬ್ಬಂದಿಗೆ ಮನವಿ ಕಳಿಸಿದರು, ಬಳಕೆ ಕದಲಲಿಲ್ಲ. ಬೇರೆ ಕಡೆ ಮನವಿಯಿಲ್ಲ, ಎರಡೂ ಮಗ್ಗುಲಿಗೆ ಅಚ್ಚಾಗುವಂತೆ ಪ್ರಿಂಟರನ್ನು ಮೊದಲೇ ಹೊಂದಿಸಿಟ್ಟರು, ಅಷ್ಟೆ. ಒಂದೇ ಮಗ್ಗುಲು ಬೇಕಾದವರು ಬದಲಿಸಿಕೊಳ್ಳಬಹುದಿತ್ತು. ಅಲ್ಲಿ ದಿನದ ಬಳಕೆ ಶೇ. 15ರಷ್ಟು ಇಳಿಯಿತು, ಆರು ತಿಂಗಳಾದರೂ ಮೇಲೇರಲಿಲ್ಲ.