ಲೇಖನಿಯಿಂದ ಕೀಲಿಮಣೆಗೆ

ಕೃಷ್ಣಾತೀರದ ಹಿಪ್ಪರಗಿಯ ಸುತ್ತಣ ಸೀಮೆಯಲ್ಲಿದ್ದ ಜಮಖಂಡಿ, ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಅವುಗಳ ಮರಾಠಿ ದಫ್ತರದಲ್ಲಿ ಬಳಕೆಯಲ್ಲಿದ್ದ ಲಿಪಿ ಮೋಡಿ. ಬರೆಯುವವನು ಮೊದಲು ಶಿರೋರೇಖೆಯನ್ನೆಳೆದು, ಆದಷ್ಟು ಕೈಯೆತ್ತದೆ ಅಕ್ಷರಗಳನ್ನು ಕೂಡಿಸುತ್ತಿದ್ದನು. ಪದಗಳ ನಡುವೆ ತೆರಪಿರುತ್ತಿರಲಿಲ್ಲ. ಶೀಘ್ರ ಬರಹಕ್ಕೆ ಅನುಕೂಲವಾದ ಈ ಗುಣವೇ ಬಿಡಿ ಮೊಳೆಗಳ ಮುದ್ರಣಕ್ಕೆ ತೊಡಕಾಯಿತು. ಅಚ್ಚಿನಲ್ಲಿ ಬಾಲಬೋಧವು ನೆಲೆಗೊಂಡಂತೆ ಮೋಡಿ ಮರೆಯಾಯಿತು.

ಕನ್ನಡದಲ್ಲಿಯೂ ಇಂತಹ ವ್ಯತ್ಯಾಸವುಂಟು. ‘ಸೂರ್ಯ’ ಎಂಬಲ್ಲಿ ಹಿರಿಯರ ಕೈ ಯಕಾರವನ್ನು ಬರೆದು, ಅರ್ಕಾವತ್ತನ್ನು ಬಳಿಕ ಇಡುತ್ತದೆ. 1991ರಿಂದ ಬಂದ ಯೂನಿಕೋಡ್ ಸಂಕೇತದಲ್ಲಿ ರಕಾರವೇ ಮೊದಲು; ಕೀಲಿಮಣೆಯ ತರುಣನು ಉಚ್ಚಾರಣೆಯ ಕ್ರಮವನ್ನೇ ಅನುಸರಿಸುತ್ತಾನೆ.

ಲಿಪಿಯ ಪರಿಚಯ ತಪ್ಪಿದರೆ ಅಜ್ಜನ ಜಮೀನಿನ ಕಾಗದವೂ ಮೊಮ್ಮಗನಿಗೆ ಮೂಕವಾಗುತ್ತದೆ. ಆದುದರಿಂದ ಈ ಸೀಮೆಯ ಇತಿಹಾಸದ ವಿದ್ಯಾರ್ಥಿಗಳು ಮೋಡಿಯನ್ನು ಕಲಿಯುವುದು ಅವಶ್ಯಕ.