ಮಾರಿಕಣಿವೆಯ ಬೋರ್ಡಿನಲ್ಲಿರುವ ಹೆಣ್ಣುಮಗಳು

2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮಾರಿಕಣಿವೆ ಕೋಡಿ ಬಿತ್ತು. 1933ರಲ್ಲಿ ಒಮ್ಮೆ ತುಂಬಿದ್ದು ಬಿಟ್ಟರೆ ಮತ್ತೆ ತುಂಬೋಕೆ 89 ವರ್ಷ ಬೇಕಾಯ್ತು. ಹಿರಿಯೂರು, ಚಿತ್ರದುರ್ಗ, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದೆಲ್ಲ ಜನ ನೋಡೋಕೆ ಬಂದ್ರು. ನಾವೂ ಹೋಗಿದ್ವಿ. ಆ ಗದ್ದಲದಲ್ಲಿ ಮೂರನೇ ಕ್ಲಾಸಿನ ನನ್ನ ಅಕ್ಕನ ಮಗಳು ಬೋರ್ಡು ಓದಿ ಕೇಳಿದಳು: "ಚಿಕ್ಕಮ್ಮ, ವಾಣಿ ವಿಲಾಸ ಅಂದ್ರೆ ಯಾರು? ದೇವರಾ?"

ನನಗೆ ಗೊತ್ತಿದ್ದದ್ದು ಅಜ್ಜಿ ಹೇಳಿದ ಒಂದೇ ಮಾತು: ಮಹಾರಾಣಿ ಒಡವೆ ಕೊಟ್ಟು ಕಟ್ಟೆ ಕಟ್ಟಿಸಿದಳಂತೆ. ಹುಟ್ಟಿದಾಗಿನಿಂದ ಆ ನೀರು ಕುಡಿದವಳು ನಾನು, ಅದಕ್ಕಿಂತ ಹೆಚ್ಚು ತಿಳಿದುಕೊಂಡೇ ಇರಲಿಲ್ಲ. ಮನೆಗೆ ಬಂದು ಓದತೊಡಗಿದೆ.

ಆಕೆಯ ಹೆಸರು ಕೆಂಪನಂಜಮ್ಮಣ್ಣಿ. ಹುಟ್ಟಿದ್ದು 1866ರಲ್ಲಿ, ಮೈಸೂರಿನ ಚಾಮರಾಜೇಂದ್ರ ಒಡೆಯರ ಜೊತೆ ಮದುವೆಯಾದದ್ದು 1878ರಲ್ಲಿ. ಹನ್ನೆರಡು ವರ್ಷದ ಹುಡುಗಿ! 1894ರ ಡಿಸೆಂಬರ್‌ನಲ್ಲಿ ಕಲ್ಕತ್ತೆಗೆ ಹೋಗಿದ್ದ ಮಹಾರಾಜರು ಅಲ್ಲೇ ತೀರಿಹೋದರು. ಈಕೆಗೆ 28, ಪಟ್ಟಕ್ಕೆ ಬರಬೇಕಾದ ಮಗ ಕೃಷ್ಣರಾಜನಿಗೆ ಹತ್ತು. ಗಂಡ ಸತ್ತ ಹೆಣ್ಣು ಶುಭಕಾರ್ಯಕ್ಕೆ ಎದುರು ಬರಬಾರದು ಅನ್ನುತ್ತಿದ್ದ ಕಾಲ ಅದು. ಅಂಥ ಹೊತ್ತಲ್ಲಿ ರಾಜ್ಯವೇ ಆಕೆಯ ಕೈಗೆ ಬಂತು. 1902ರ ಆಗಸ್ಟ್‌ವರೆಗೆ, ಏಳೂವರೆ ವರ್ಷ, ರೀಜೆಂಟ್ ಆಗಿ ಆಳಿದರು.

ಸುಲಭದ ವರ್ಷಗಳಲ್ಲ. 1897ರಲ್ಲಿ ಅರಮನೆ ಸುಟ್ಟುಹೋಯಿತು, ಮರುವರ್ಷ ಪ್ಲೇಗು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ, ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್, ವೇದಾವತಿಗೆ ಅಡ್ಡಲಾಗಿ ನಮ್ಮ ಈ ಕಟ್ಟೆಯ ಕೆಲಸ, ಎಲ್ಲ ಆ ಅವಧಿಯವು. ಕಟ್ಟೆ ಮುಗಿದದ್ದು 1907ರಲ್ಲಿ. ಮೂವತ್ತು ಟಿಎಂಸಿ ನೀರು ಹಿಡಿಯುತ್ತೆ. ಇದರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಪಾಲು ದೊಡ್ಡದು, ಇಲ್ಲ ಅನ್ನಲ್ಲ. ಆದರೆ ದಿವಾನರ ವಿಷಯ ಬಂದಾಗ ಬುದ್ಧಿ, ಯೋಜನೆ ಅಂತೀವಿ. ರಾಣಿಯ ವಿಷಯ ಬಂದರೆ ಮಾತ್ರ ಒಡವೆ! ಒಡವೆ ಕೊಡುವುದು ತಾಯಿಯ ಕೆಲಸ ಅನ್ನಿಸಿಕೊಳ್ಳುತ್ತೆ. ಏಳೂವರೆ ವರ್ಷ ಆಳಿದ್ದು?

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಮೈಸೂರಿನಲ್ಲಿ ಮಹಾರಾಣಿ ಹೆಣ್ಣುಮಕ್ಕಳ ಶಾಲೆ 1881ರಲ್ಲೇ ಶುರುವಾಗಿತ್ತು. ಅದೇ ಬೆಳೆದು ಮಹಾರಾಣಿ ಕಾಲೇಜಾಯಿತು. ಎಂಟು ವರ್ಷದೊಳಗಿನ ಹುಡುಗಿಗೆ ಮದುವೆ ಮಾಡಬಾರದು, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗಬಾರದು ಎಂಬ ಕಾನೂನು 1894ರಲ್ಲಿ, ಗಂಡ ಇದ್ದಾಗಲೇ ಬಂದಿತ್ತು. ಅದನ್ನು ಜಾರಿಯಲ್ಲಿಡುವ ಹೊಣೆ ಹನ್ನೆರಡಕ್ಕೇ ಮದುವೆಯಾಗಿದ್ದ ಈ ಹೆಣ್ಣುಮಗಳ ಸರ್ಕಾರದ ಮೇಲೆ ಬಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಕಾಯ್ದೆ ಬಂದದ್ದು 1929ರಲ್ಲಿ. ಎಂಟು ವರ್ಷ ಅನ್ನೋದು ಈಗ ಕೇಳಿದರೆ ಮೈ ಜುಂ ಅನ್ನುತ್ತೆ, ಆದರೆ ಅಷ್ಟಕ್ಕೂ ಕಾನೂನು ಬೇಕಿತ್ತು.

ವೇದಿಕೆ ಹತ್ತಿ ಹಕ್ಕಿನ ಮಾತಾಡಿದವರಲ್ಲ ಆಕೆ. ಅರಮನೆಯ ಕಟ್ಟುಪಾಡಿನೊಳಗೇ ಇದ್ದರು. ಕಮಲಾದೇವಿ ಚಟ್ಟೋಪಾಧ್ಯಾಯರಂಥವರು ಚುನಾವಣೆಗೆ ನಿಂತದ್ದು 1926ರಲ್ಲಿ, ಅದು ಮುಂದಿನ ತಲೆಮಾರಿನ ಮಾತು. ಆದರೂ ಹೆಣ್ಣಿಗೆ ರಾಜ್ಯ ನಡೆಸೋಕೆ ಬರುತ್ತಾ ಅಂತ ಯಾರಾದರೂ ಕೇಳಿದರೆ ತೋರಿಸೋಕೆ ಒಂದು ಉದಾಹರಣೆ ಆಗಲೇ ಇತ್ತು.

1934ರಲ್ಲಿ ತೀರಿಕೊಂಡರು. ಬೆಂಗಳೂರಿನ ವಾಣಿ ವಿಲಾಸ ಹೆರಿಗೆ ಆಸ್ಪತ್ರೆ ಬಾಗಿಲು ತೆರೆದದ್ದು ಮರುವರ್ಷ.

ಇಷ್ಟನ್ನೂ ಅಕ್ಕನ ಮಗಳಿಗೆ ಹೇಳಿದೆ. ಮದುವೆಯ ವಯಸ್ಸಿನ ಹತ್ತಿರ ತಡೆದು, "ಹನ್ನೆರಡು ಅಂದ್ರೆ ಏಳನೇ ಕ್ಲಾಸಾ?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ಸ್ಕೂಲಿಗೆ ಕಳಿಸಿದ್ರಾ?" ಅಂತ ಕೇಳಿದಳು.